ಎರಡು ಕ್ಲಚ್ಚಿನ ಗಾಡಿಯೂ ಮೇಡಂ ಎಡಗಾಲೂ

ಈ ಕಥೇಲಿ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಇಲ್ಲೇ ಬಿದ್ದೋಗ್ಲಿ. ಎಲ್ಲಾ ನಡೆದದ್ದೇ. ನಡೆಯದೇ ಇದ್ದದ್ದನ್ನ ಸೇರಿಸೋ ಚಾಳಿ ನಮ್ಮ ವಂಶದಲ್ಲೇ ಇಲ್ಲ. ನಮ್ಮಜ್ಜನಿಗೆ ಇತ್ತು ಅಂತಾರೆ, ಆದ್ರೆ ಹಾಗಂತ ಹೇಳಿದ್ದು ಅಜ್ಜನೇ, ನಂಬೋ ಹಾಗಿಲ್ಲ.

ಒಬ್ಬ ಟೈಲರ್. ಅವನ ಹೆಂಡತಿ ಡ್ರೈವಿಂಗ್ ಸ್ಕೂಲಲ್ಲಿ ಕಾರು ಕಲಿಸೋ ಮೇಡಂ. ಊರಲ್ಲಿ ಸ್ಟೀರಿಂಗ್ ಹಿಡಿದೋರಲ್ಲಿ ಅರ್ಧಕ್ಕರ್ಧ ಜನ ಅವರ ಹತ್ರ ಬೈಸಿಕೊಂಡೇ ಕಲಿತೋರು. ಹಾಗಾಗಿ ಊರಿಗೆಲ್ಲ ಅವರು ಮೇಡಂ, ಗಂಡನಿಗೂ ಮೇಡಂ. ಟೈಲರ್‌ನ ‘ಅವನು’ ಅಂತೀನಿ, ಹೆಂಡತೀನ ‘ಅವರು’ ಅಂತೀನಿ. ಯಾಕೆ ಅಂತ ಇವತ್ತಿಗೂ ಅವನೇ ಕೇಳಿಲ್ಲ.

ಟೈಲರ್‌ಗೆ ಕಾರು ಓಡ್ಸೋಕೆ ಬರಲ್ಲ. ಮದುವೆಯಾದ ಹೊಸದ್ರಲ್ಲಿ ಮೇಡಂ ಕಲಿಸೋಕೆ ನೋಡಿದ್ರು. ಮೀಸೆ ಮೂಡೋಕೆ ಮುಂಚಿನಿಂದ ಹೊಲಿಗೆ ಮೆಷಿನ್ ತುಳಿದ ಕಾಲದು. ಆಕ್ಸಿಲರೇಟರ್ ಮೇಲಿಟ್ಟಿದ್ದೇ ತಡ, ಬೆರಳು-ಹಿಮ್ಮಡಿ, ಬೆರಳು-ಹಿಮ್ಮಡಿ ಅಂತ ತುಳಿಯೋಕೆ ಶುರು ಮಾಡ್ತು. ಕಾರು ಕಪ್ಪೆ ಥರ ಕುಪ್ಪಳಿಸಿಕೊಂಡು ಮೈದಾನ ದಾಟ್ತು. ಹಿಂದಿರುಗಿ ನೋಡಿದ್ರೆ ನೆಲದ ಮೇಲೆ ಅಳತೆ ಹಿಡಿದ ಹಾಗೆ ಒಂದು ಸಾಲು ಹೊಲಿಗೆ ಬಿದ್ದಿತ್ತು. ಆ ಸಾಲಲ್ಲಿ ಎರಡು ವರ್ಷ ಹುಲ್ಲು ಹುಟ್ಟಲಿಲ್ಲ.

“ನೀವು ಪಕ್ಕದಲ್ಲಿ ಕೂತ್ಕೊಳ್ಳಿ ಸಾಕು” ಅಂದ್ರು ಮೇಡಂ.

ಕೂತ. ಇಪ್ಪತ್ನಾಲ್ಕು ವರ್ಷ ಕೂತ. ದಿನಾ ಸಂಜೆ ಮೇಡಂ ಕೊನೇ ಶಿಷ್ಯನ್ನ ಮನೆಗೆ ಅಟ್ಟಿ, ತಮ್ಮ ಹಳೇ ಕಾರು ತಗೊಂಡು ಅಂಗಡಿ ಮುಂದೆ ಬಂದು ಹಾರ್ನ್ ಹೊಡೆಯೋರು. ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಹತ್ತಿ ಕೂರೋನು. ಊರಿಗೊಂದು ಸುತ್ತು. ಯಾರ ಸೊಂಟ ಎರಡಿಂಚು ಜಾಸ್ತಿ ಆಯ್ತು ಅಂತ ಅವನು ಹೇಳ್ತಿದ್ದ, ಯಾರು ರಿವರ್ಸಲ್ಲಿ ಯಾರ ಗೇಟು ಕೆಡವಿದ್ರು ಅಂತ ಅವರು ಹೇಳ್ತಿದ್ರು. ನಕ್ಕೂ ನಕ್ಕೂ ಮನೆ ಸೇರೋರು. ಮನೆ ಒಳಗೆ ಬಂದ್ರೆ ಪಾತ್ರೆ, ಬಟ್ಟೆ, ಕರೆಂಟ್ ಬಿಲ್ಲು. ಇವರ ಸಂಸಾರದ ಮಾತೆಲ್ಲ ನಡೀತಿದ್ದದ್ದು ಆ ಕಾರಲ್ಲೇ.

ಹೀಗಿರೋವಾಗ ಮೇಡಂ ಎಡ ಮಂಡಿ ಕೈಕೊಡ್ತು. ಎಡಗಾಲು ಅಂದ್ರೆ ಕ್ಲಚ್ ಕಾಲು. ದಿನಕ್ಕೆ ಎಷ್ಟು ಸಲ ಒತ್ತಿರಬಹುದು ಅಂತ ಡಾಕ್ಟರ್ ಕೇಳಿದ್ರು. ಮೇಡಂ ಲೆಕ್ಕ ಹಾಕಿ ಹೇಳಿದ್ರು. ಡಾಕ್ಟರ್ ಒಂದು ಲೋಟ ನೀರು ಕುಡಿದು, “ಮಂಡಿ ಬದಲಾಯಿಸೋಣ. ಆಮೇಲೆ ಕ್ಲಚ್ ಅನ್ನೋದನ್ನ ಮರೆತುಬಿಡಿ” ಅಂದ್ರು.

ಮಂಡಿ ಹೊಸದು ಬಂತು. ಹಳೇ ಕಾರು ಹೋಯ್ತು. ಮೇಡಂ ಸೋಫಾ ಮೇಲೆ ಕೂತ್ರು.

ಎಂಟು ತಿಂಗಳು ಹೀಗೇ. ಸೋಫಾದಲ್ಲಿ ಕೂತೇ ಮನೆ ಓಡಿಸೋರು. ಟೈಲರ್ ಅಡುಗೆಮನೆಯಿಂದ ಹಾಲ್‌ಗೆ ತಿರುಗಿದ್ರೆ “ಇಂಡಿಕೇಟರ್ ಎಲ್ರೀ?” ಅನ್ನೋರು. ಬಸ್ಸಲ್ಲಿ ಹೋದ್ರೆ ಡ್ರೈವರ್ ಹಿಂದಿನ ಸೀಟೇ ಬೇಕು. ಮೂರು ಸ್ಟಾಪ್ ಆದ್ಮೇಲೆ ಆ ಡ್ರೈವರ್ ಗಾಡಿ ನಿಲ್ಲಿಸಿ, ಕೈಮುಗಿದು, “ಅಮ್ಮಾ, ದಯವಿಟ್ಟು ಹಿಂದೆ ಹೋಗಿ, ಗೇರ್ ಹಾಕೋಕೆ ಭಯ ಆಗ್ತಿದೆ” ಅಂದನಂತೆ. ಇದೆಲ್ಲ ನಗುವ ವಿಷಯ. ನಗದೇ ಇರೋ ವಿಷಯ ಏನಪ್ಪಾ ಅಂದ್ರೆ, ಸಂಜೆ ಆರಾದ್ರೆ ಮೇಡಂ ಮಾತು ನಿಲ್ತಿತ್ತು. ಟೈಲರ್ ಅಂಗಡಿ ಮುಚ್ಚಿ ನಡೆದು ಬಂದು, ಯಾರ ಸೊಂಟ ಎಷ್ಟಾಯ್ತು ಅಂತ ಶುರು ಮಾಡಿದ್ರೆ, “ಹೂಂ” ಅನ್ನೋರು. ಒಂದೇ ಹೂಂ. ಅವನಿಗೆ ಆ ಹೂಂ ಸೂಜಿ ಚುಚ್ಚಿದ್ದಕ್ಕಿಂತ ನೋಯ್ತಿತ್ತು. ಸೂಜಿ ಚುಚ್ಚಿಸಿಕೊಂಡು ಅಭ್ಯಾಸ ಇದ್ದೋನು ಹೇಳ್ತಿರೋ ಮಾತಿದು.

ಮೇಡಮ್ಮಿಗೊಬ್ಬ ತಮ್ಮ, ಮೆಕ್ಯಾನಿಕ್. ಒಂದಿನ ಗ್ರೀಸ್ ಕೈಯಲ್ಲೇ ಬಂದು, “ಅಕ್ಕಾ, ಕ್ಲಚ್ ಪೆಡಲ್ಲೇ ಇಲ್ಲದ ಗಾಡಿ ತಗೊಳ್ಳೆ. ಆಟೋಮ್ಯಾಟಿಕ್. ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ಸಾಕು. ನಾನು ನೋಡಿಕೊಡ್ತೀನಿ. ಎರಡು ಕ್ಲಚ್ಚಿನ ಗೇರ್‌ಬಾಕ್ಸು” ಅಂದ.

“ಪೆಡಲ್ ಇಲ್ಲ ಅಂತೀಯ, ಎರಡು ಕ್ಲಚ್ಚು ಅಂತೀಯ. ಕುಡಿದಿದ್ದೀಯೇನೋ?”

“ಗಾಡಿ ಹೊಟ್ಟೇಲಿ ಇರ್ತವೆ ಕಣೇ. ಒಂದು ಕ್ಲಚ್ಚು ಒಂದು, ಮೂರು, ಐದನೇ ಗೇರ್ ನೋಡ್ಕೊಳ್ಳುತ್ತೆ. ಇನ್ನೊಂದು ಎರಡು, ನಾಲ್ಕು, ಆರು. ನೀನು ಒಂದರಲ್ಲಿ ಹೋಗ್ತಿರೋವಾಗಲೇ ಎರಡನೇದು ರೆಡಿಯಾಗಿ ಕಾಯ್ತಿರುತ್ತೆ. ಇದು ಬಿಡ್ತು, ಅದು ಹಿಡೀತು. ನಡುವೆ ಒಂದು ಎಳೆ ಸಂದಿಲ್ಲ.”

“ಅಂದ್ರೆ” ಅಂದ ಟೈಲರ್, “ನಾನು ತೋಳು ಹೊಲೀತಿರೋವಾಗಲೇ ಇನ್ನೊಬ್ಬ ಕಾಲರ್ ಕತ್ತರಿಸಿ ಕೈಗೆ ಕೊಟ್ಟಂಗೆ.”

“ಅದೇ ಭಾವ. ಇಬ್ಬರಿಗೂ ಹೊಂದಾಣಿಕೆ ಇರಬೇಕು ಅಷ್ಟೇ. ಸವೆದಿದ್ರೆ, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತ ಆಗಿ ಗಾಡಿ ನಡುಗುತ್ತೆ.”

ಮೇಡಂ ಹೊಸ ಮಂಡಿ ಸವರಿಕೊಂಡ್ರು. “ಹೊಟ್ಟೇಲಿ ಎರಡೆರಡು ಕ್ಲಚ್ ಇಟ್ಕೊಂಡು ನನ್ನ ಕಾಲಿಗೆ ಒಂದೂ ಕೊಟ್ಟಿಲ್ಲ ಅಂದ್ರೆ, ಅದೆಂಥ ಜಿಪುಣ ಗಾಡಿನೋ?” ಅಂದ್ರು. ಎಂಟು ತಿಂಗಳಲ್ಲಿ ಅದೇ ಅವರ ಮೊದಲನೇ ಉದ್ದದ ಮಾತು. ಟೈಲರ್ ಮಾರನೇ ದಿನವೇ ಅಂಗಡಿಗೆ ಬೀಗ ಹಾಕಿದ.

ಸೆಕೆಂಡ್ ಹ್ಯಾಂಡ್ ಕಾರು ಮಾರೋ ಡೀಲರ್ ಮೇಡಂ ಹಳೇ ಶಿಷ್ಯ. ಲೈಸೆನ್ಸ್ ಪರೀಕ್ಷೇಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದೋನು. ಈಗ ಅರವತ್ತು ಕಾರಿನ ಒಡೆಯ. ಆದ್ರೆ ಮೇಡಂ ಗೇಟಲ್ಲಿ ಕಂಡ ತಕ್ಷಣ, ಪಾರ್ಕ್ ಮಾಡಿದ ಕಾರಲ್ಲಿ ಎ.ಸಿ. ಹಾಕ್ಕೊಂಡು ಕೂತಿದ್ದೋನು ಮೊದಲು ಸೀಟ್ ಬೆಲ್ಟ್ ಹಾಕ್ಕೊಂಡ. ಆಮೇಲೆ ಇಳಿಯೋಕೆ ಹೋಗಿ ಬೆಲ್ಟಿಗೆ ಸಿಕ್ಕಿಹಾಕ್ಕೊಂಡ.

“ಕನ್ನಡಿ ನೋಡಿ ಬಾಗಿಲು ತೆಗಿ” ಅಂದ್ರು ಮೇಡಂ.

“ನೋಡ್ದೆ ಮೇಡಂ.”

“ನನ್ನ ನೋಡ್ದೆ. ಕನ್ನಡಿ ನೋಡಲಿಲ್ಲ.”

ಮೆಕ್ಯಾನಿಕ್ ತಮ್ಮ ಎರಡು ಕಾರು ಆರಿಸಿದ. ಒಂದು ಕೆಂಪು, ಒಂದು ಬೂದಿ ಬಣ್ಣದ್ದು. “ಇಂಜಿನ್ ತಣ್ಣಗಿರೋವಾಗ ಶುರು ಮಾಡಿ ನೋಡಬೇಕು, ಬಿಸಿಯಾದ ಮೇಲೂ ನೋಡಬೇಕು. ನಡುಕ ಬಂದ್ರೆ ಒಂದರಿಂದ ಎರಡಕ್ಕೆ ಹೋಗೋವಾಗಲೇ ಬರೋದು. ಕೆಲವು ಸಲ ಎಷ್ಟು ಸಣ್ಣಗಿರುತ್ತೆ ಅಂದ್ರೆ ನನಗೂ ಗೊತ್ತಾಗಲ್ಲ” ಅಂದ.

“ನನಗೆ ಗೊತ್ತಾಗುತ್ತೆ” ಅಂದ ಟೈಲರ್. ಹಿಂದಿನ ಸೀಟಲ್ಲಿ ಕೂತು, ಅಂಗಿ ಕಾಲರ್ ಒಳಗಡೆ ಸದಾ ಚುಚ್ಚಿಕೊಂಡಿರೋ ಸೂಜಿ ತೆಗೆದ, ದಾರ ನಾಲಿಗೆಗೆ ಸವರಿದ. “ಗೇರ್ ಬದಲಾಗೋ ಹೊತ್ತಿಗೆ ಸರಿಯಾಗಿ ಪೋಣಿಸ್ತೀನಿ. ದಾರ ಹೊಕ್ಕಿದ್ರೆ ಗಾಡಿ ಸರಿ.”

ಡೀಲರ್ ನಕ್ಕ. ಮೇಡಂ ತಿರುಗಿ ನೋಡಿದ್ರು. ನಗು ನಿಲ್ಲಿಸಿದ.

ಕೆಂಪು ಕಾರು ತಮ್ಮನೇ ಓಡಿಸಿದ. ಒಂದರಿಂದ ಎರಡು, ದಾರ ತಪ್ತು. ಮತ್ತೆ ನಿಲ್ಲಿಸಿ ಹೊರಟ. ಮತ್ತೆ ತಪ್ತು, ಅದೂ ಎಡಕ್ಕೆ ಅರ್ಧ ಕೂದಲೆಳೆ. “ಬೇಡ” ಅಂದ ಟೈಲರ್. ತಮ್ಮ ಆ ಗಾಡಿಗೆ ಕಂಪ್ಯೂಟರ್ ಸಿಕ್ಕಿಸಿ ನೋಡಿದ. ಕ್ಲಚ್ ಸವೆದಿತ್ತು. ಡೀಲರ್ ಬೆವರು ಒರೆಸಿಕೊಂಡು, “ನಮಗೂ ಗೊತ್ತಿರಲಿಲ್ಲ ಸರ್, ನಿಮ್ಮ ಹತ್ರ ಇನ್ನೊಂದು ಸೂಜಿ ಇದ್ಯಾ?” ಅಂದ.

ಬೂದಿ ಬಣ್ಣದ ಕಾರಲ್ಲಿ ಆರು ಗೇರಿಗೆ ದಾರ ಐದು ಸಲ ಹೊಕ್ಕಿತು. ನೀವು ಆರಂತ ಅಂದ್ಕೊಂಡ್ರಿ. ಆರು ಗೇರಿಗೆ ಬದಲಾವಣೆ ಐದೇ. ನಾನು ಸುಳ್ಳು ಹೇಳೋನಾಗಿದ್ರೆ ಆರು ಅಂತಿದ್ದೆ.

“ಅಕ್ಕಾ, ಈಗ ನೀನು ಓಡ್ಸು.”

ಮೇಡಂ ಡ್ರೈವರ್ ಸೀಟಲ್ಲಿ ಕೂತ್ರು. ಸೀಟು ಮುಂದೆ ಎಳೆದ್ರು, ಕನ್ನಡಿ ಸರಿ ಮಾಡಿದ್ರು. ಪಕ್ಕದಲ್ಲಿ ಡೀಲರ್, ಹಿಂದೆ ತಮ್ಮ ಮತ್ತೆ ಟೈಲರ್. ಕನ್ನಡೀಲಿ ಮೇಡಂ ಕಣ್ಣು ಟೈಲರ್‌ಗೆ ಕಾಣ್ತಿತ್ತು. ಶಾಲೆಗೆ ಹೊಸ ಚೀಲ ಹಾಕ್ಕೊಂಡು ಹೊರಟ ಮಗು ಕಣ್ಣಿರುತ್ತಲ್ಲ, ಹಾಗಿತ್ತು.

ಬ್ರೇಕ್ ಬಿಟ್ರು. ಗಾಡಿ ತಾನಾಗೇ ತೆವಳಿತು. ಮೆಲ್ಲಗೆ ಆಕ್ಸಿಲರೇಟರ್ ಕೊಟ್ರು. ಇಂಜಿನ್ ದನಿ ಏರ್ತು. ಈ ದನಿ ಇಷ್ಟಕ್ಕೆ ಬಂದ್ರೆ ಕ್ಲಚ್ ಒತ್ತಬೇಕು ಅಂತ ಮೂವತ್ತು ವರ್ಷದಿಂದ ಗೊತ್ತಿರೋ ಎಡಗಾಲು, ಯಾರನ್ನೂ ಕೇಳದೆ ಎದ್ದು ದಡ್ ಅಂತ ಒತ್ತಿತು.

ಆಟೋಮ್ಯಾಟಿಕ್ ಗಾಡೀಲಿ ಆ ಜಾಗಕ್ಕೆ ಬರೋದು ಬ್ರೇಕು. ಅಗಲವಾದ, ದಷ್ಟಪುಷ್ಟವಾದ ಬ್ರೇಕು.

ಡೀಲರ್ ಬೆಲ್ಟಲ್ಲಿ ನೇತಾಡಿದ. ತಮ್ಮನ ಕನ್ನಡಕ ಮುಂದಿನ ಸೀಟಿಗೆ ಹೋಗಿ ಡೀಲರ್ ತೊಡೆ ಮೇಲೆ ಕೂತ್ಕೊಳ್ತು. ಟೈಲರ್ ಕೈಲಿದ್ದ ಸೂಜಿ ಹೋಗಿ ಡೀಲರ್ ತಲೆ ಹಿಂದಿನ ದಿಂಬಿಗೆ ತನ್ನ ಕಣ್ಣೂ ಕಾಣದಷ್ಟು ಆಳಕ್ಕೆ ನೆಟ್ಟುಕೊಳ್ತು.

“ಅಭ್ಯಾಸ ಆಗುತ್ತೆ ಮೇಡಂ” ಅಂದ ಡೀಲರ್, ದಿಂಬಿನಿಂದ ತಲೆ ದೂರ ಇಟ್ಕೊಂಡು.

ಎರಡನೇ ಸಲವೂ ದಡ್. ಮೂರನೇ ಸಲ ಮೇಡಂ ಎಡಗಾಲಿಗೆ ಬಾಯಿಬಿಟ್ಟು ಹೇಳಿದ್ರು: “ಏಳಬೇಡ.” ಕಾಲು ಕೇಳಿಸಿಕೊಳ್ತು. ಎರಡನೇ ಗೇರ್ ಬಂತು. ಆಮೇಲೆ ಎದ್ದು ದಡ್ ಅಂತ ಒತ್ತಿತು.

ಮೇಡಂ ಗಾಡಿ ಆಫ್ ಮಾಡಿ ಕೀ ಡೀಲರ್ ಕೈಗಿಟ್ರು. “ಬೇರೆಯೋರಿಗೆ ಕೊಟ್ಬಿಡು. ಕಲಿಸೋವಾಗ ಇಂಥ ಶಿಷ್ಯೆ ಬಂದಿದ್ರೆ ನಾನೇ ಮನೆಗೆ ಕಳಿಸ್ತಿದ್ದೆ.” ಇಳಿದು ಹೋಗಿ ಗೋಡೆ ಪಕ್ಕದ ಬೆಂಚ್ ಮೇಲೆ ಕೂತ್ರು. ಪರ್ಸಿಂದ ಲೈಸೆನ್ಸ್ ತೆಗೆದ್ರು. ಫೋಟೋ ಒಂದ್ಸಲ ನೋಡಿ, ಪರ್ಸಿನ ಒಳಗಿನ ಒಳಗಿನ ಜೇಬಿಗೆ ಸೇರಿಸಿ, ಜಿಪ್ ಎಳೆದ್ರು. ಹಳೇ ರಶೀದಿ ಎಲ್ಲ ಇರೋ ಜೇಬದು. ಅಲ್ಲಿಗೆ ಹೋದದ್ದು ಯಾವತ್ತೂ ವಾಪಸ್ ಬಂದದ್ದಿಲ್ಲ ಅಂತ ಟೈಲರ್‌ಗೆ ಗೊತ್ತು, ಆ ಜೇಬು ಹೊಲಿದೋನು ಅವನೇ.

ಅವನೂ ಹೋಗಿ ಪಕ್ಕದಲ್ಲಿ ಕೂತ.

“ಏನೂ ಹೇಳಬೇಡ್ರೀ.”

“ನಾನೆಲ್ಲಿ ಹೇಳ್ದೆ?”

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಹೇಳೋಕೆ ಬಂದಿದ್ದೀರ.”

“ಇಲ್ಲ. ನಿನ್ನ ಪ್ಯಾಂಟು ಹಿಮ್ಮಡಿ ಹತ್ರ ಒಂದಿಂಚು ಉದ್ದ ಆಗಿದೆ ಅಂತ ಹೇಳೋಕೆ ಬಂದೆ.”

ಮೇಡಂ ಅವನನ್ನ ನೋಡಿದ್ರು. “ಇಲ್ಲಿ ನನ್ನ ಜೀವನ ಮುಗೀತಿದೆ. ನಿಮಗೆ ಪ್ಯಾಂಟ್ ಚಿಂತೆ.”

“ಒಂದಿಂಚು ಉದ್ದ ಇದ್ದದ್ದೇ ಒಳ್ಳೇದಾಯ್ತು. ಬಾ ಇಲ್ಲಿ. ಐದು ನಿಮಿಷ ಕೂತ್ಕೋ ಗಾಡೀಲಿ. ಓಡಿಸಬೇಡ, ಸುಮ್ಮನೆ ಕೂತ್ಕೋ.”

ಮೇಡಂ ಮುಖ ಗಂಟು ಹಾಕ್ಕೊಂಡೇ ಹೋಗಿ ಕೂತ್ರು. ಟೈಲರ್ ಹೊರಗಡೆ ನೆಲಕ್ಕೆ ಮೊಣಕಾಲೂರಿ, ತಲೆ ಗಾಡಿ ಒಳಗೆ ತೂರಿಸಿ, ಅವರ ಎಡಗಾಲನ್ನ ಎತ್ತಿ ಪಕ್ಕದಲ್ಲಿ ಕಾಲು ಇಡೋಕೆ ಅಂತಲೇ ಇರೋ ಮೂಲೇಲಿ ಇಟ್ಟ. ಆಮೇಲೆ ದಪ್ಪ ಸೂಜಿ ತೆಗೆದು, ಪ್ಯಾಂಟಿನ ಅಂಚನ್ನ ಗಾಡಿ ನೆಲದ ಕಾರ್ಪೆಟ್ಟಿಗೆ ಸೇರಿಸಿ ಹೊಲಿಯೋಕೆ ಶುರು ಮಾಡಿದ.

“ಏನ್ರೀ ಮಾಡ್ತಿದ್ದೀರ? ಜನ ನೋಡ್ತಾರೆ!”

“ನೋಡ್ಲಿ. ಕಚ್ಚಾ ಹೊಲಿಗೆ. ಹನ್ನೊಂದು ಕೊಡ್ತೀನಿ.”

“ತಲೆ ಕೆಟ್ಟಿದ್ಯಾ? ತುರ್ತಾಗಿ ಇಳೀಬೇಕಾದ್ರೆ?”

“ಒಂದೆಳೆ ದಾರ. ಜೋರಾಗಿ ಎಳೆದ್ರೆ ಪಟ್ ಅನ್ನುತ್ತೆ. ಕಟ್ಟಿಹಾಕೋಕೆ ಅಲ್ಲ ಇದು.” ದಾರ ಹಲ್ಲಲ್ಲಿ ಕಡಿದ. “ಹೊಸ ಬಟ್ಟೆಗೆ ತನ್ನ ಜಾಗ ಯಾವುದು ಅಂತ ಗೊತ್ತಿರಲ್ಲ. ಗೊತ್ತಾಗೋವರೆಗೂ ಕಚ್ಚಾ ಹೊಲಿಗೆ ಕೊಡ್ತೀವಿ, ಆಮೇಲೆ ಬಿಚ್ಚಿಬಿಡ್ತೀವಿ. ಬಟ್ಟೆಗೆ ಬೈತೀವಾ? ಕಾಲಿಗೆ ತಲೆ ಇಲ್ಲ ಮೇಡಂ, ಜ್ಞಾಪಕ ಇದೆ ಅಷ್ಟೇ. ನನ್ನ ಕಾಲು ನೋಡಿಲ್ವಾ ನೀನು, ಮೈದಾನದಲ್ಲಿ?”

ಮೇಡಂ ತುಟಿ ಒಂದು ಮೂಲೇಲಿ ಅಲುಗಿತು. “ಹಿತ್ತಲ ಗಿಡ ಮದ್ದಲ್ಲ ಅಂತಾರೆ” ಅಂದ್ರು.

“ಮದ್ದೋ ಅಲ್ವೋ, ಕುಡಿದು ನೋಡು.”

ಕೀ ತಿರುಗಿತು. ಮೂರೂ ಜನ ಮತ್ತೆ ಹತ್ತಿದ್ರು. ಡೀಲರ್ ಈ ಸಲ ಎರಡು ಕೈಯಲ್ಲೂ ಬಾಗಿಲು ಹಿಡ್ಕೊಂಡಿದ್ದ. ಗಾಡಿ ಹೊರಡ್ತು, ದನಿ ಏರ್ತು, ಎಡಗಾಲು ಎದ್ದಿತು. ಅಷ್ಟೊತ್ತಿಗೆ ಪ್ಯಾಂಟಿನ ಅಂಚು ಮೆಲ್ಲಗೆ ಜಗ್ಗಿತು. ಸಂತೇಲಿ ಮುಂದೆ ಮುಂದೆ ಹೋಗ್ತಿದ್ದೋರ ಸೆರಗನ್ನ ಯಾರೋ ತಮ್ಮೋರೇ ಎಳೆದ ಹಾಗೆ. ಕಾಲು ಗಾಳೀಲಿ ಒಂದು ಕ್ಷಣ ಯೋಚನೆ ಮಾಡ್ತು. ವಾಪಸ್ ಹೋಗಿ ತನ್ನ ಮೂಲೇಲಿ ಕೂತ್ಕೊಳ್ತು.

ಎರಡು. ಮೂರು. ನಾಲ್ಕು.

ಗಾಡೀಲಿ ಯಾರೂ ಉಸಿರು ಬಿಡಲಿಲ್ಲ. ಗಾಜಿನ ಮೇಲೆ ಮಂಜು ಕೂಡ ಕಟ್ಟಲಿಲ್ಲ ಅಂದ್ರೆ ನೋಡಿ. ನೀರಿನ ಟ್ಯಾಂಕ್ ಹತ್ರದ ಏರಲ್ಲಿ ಮುಂದಿದ್ದ ಲಾರಿ ಗಕ್ಕಂತ ನಿಲ್ತು. ಎಡಗಾಲು ಹಾರಿತು, ದಾರ ಜಗ್ಗಿತು, ಎರಡು ಹೊಲಿಗೆ ಪಟ್ ಪಟ್ ಅಂತ ಹೋಯ್ತು, ಒಂಬತ್ತು ಉಳೀತು. ಬಲಗಾಲು ಮಾತ್ರ ಬೆಣ್ಣೆ ಮೇಲೆ ಬೆರಳಿಟ್ಟ ಹಾಗೆ ಬ್ರೇಕ್ ಹಿಡೀತು. ಗಾಡಿ ನಿಂತದ್ದು ಟೈಲರ್‌ಗೆ ಗೊತ್ತೇ ಆಗಲಿಲ್ಲ.

“ಏರಲ್ಲಿ ಆಕ್ಸಿಲರೇಟರ್ ಕೊಟ್ಕೊಂಡು ನಿಲ್ಲಿಸಬೇಡ ಅಕ್ಕಾ, ಕ್ಲಚ್ ಸುಡುತ್ತೆ. ಬ್ರೇಕಲ್ಲೇ ಹಿಡಿ” ಅಂದ ತಮ್ಮ.

“ನನಗೆ ಹೇಳಿಕೊಡ್ತೀಯೇನೋ?” ಅಂದ್ರು ಮೇಡಂ. “ಸೈಕಲ್ ಬ್ಯಾಲೆನ್ಸ್ ಮಾಡೋಕೆ ನಿನಗೆ ಕಲಿಸಿದ್ದು ಯಾರು? ಚರಂಡಿಯಿಂದ ಎತ್ತಿದ್ದು ಯಾರು?” ಡೀಲರ್ ಕಡೆ ತಿರುಗಿದ್ರು. “ನೀನ್ಯಾಕೋ ಬಾಗಿಲು ಹಿಡ್ಕೊಂಡಿದ್ದೀಯ? ಬಿದ್ದು ಹೋಗುತ್ತಾ ಅದು? ಬೆಲ್ಟ್ ತಿರುಚಿದೆ, ಸರಿ ಮಾಡ್ಕೋ. ಮೂರು ಸಲ ಪರೀಕ್ಷೆ ಬರೆದ್ರೂ ಬುದ್ಧಿ ಬರಲಿಲ್ಲ.”

ಹಿಂದೆ ಟೈಲರ್ ಕಿಟಕಿ ಕಡೆ ಮುಖ ಮಾಡಿದ. ಕಣ್ಣಿಗೆ ಏನೋ ಬಿದ್ದಿತ್ತು. ಕಿಟಕಿ ಮುಚ್ಚಿತ್ತು, ಆದ್ರೂ ಬಿದ್ದಿತ್ತು.

ಅಂಗಳಕ್ಕೆ ವಾಪಸ್ ಬಂದ್ರೆ ಡೀಲರ್, “ಆಫೀಸ್‌ಗೆ ಬನ್ನಿ ಮೇಡಂ, ಕೂತು ಮಾತಾಡೋಣ” ಅಂದ.

“ಬರೋಕಾಗಲ್ಲ” ಅಂದ್ರು ಮೇಡಂ. “ನನ್ನನ್ನ ಗಾಡಿಗೆ ಹೊಲಿದುಬಿಟ್ಟಿದ್ದಾರೆ.”

ಹೊಲಿದ ಮೇಲೆ ವಾಪಸ್ ತಗೊಳ್ಳಲ್ಲ ಅನ್ನೋದು ಟೈಲರ್ ಅಂಗಡಿ ಗೋಡೆ ಮೇಲೆ ಬರೆದಿರೋ ಮಾತು. ಅವತ್ತು ಅವನು ಅದನ್ನ ಡೀಲರ್‌ಗೂ ಓದಿ ಹೇಳಿದ. ಚೌಕಾಸಿ ಎಲ್ಲ ಕಿಟಕಿಯಲ್ಲೇ ನಡೀತು. ಮೇಡಂ ಡೀಲರ್‌ಗೆ ರಸ್ತೆ ಚಿಹ್ನೆ ಒಂದೊಂದೇ ಕೇಳ್ತಾ ಹೋದ್ರು. ಒಂದು ತಪ್ಪು ಹೇಳಿದ್ರೆ ಬೆಲೆ ಒಂದು ಮೆಟ್ಟಿಲು ಇಳೀಬೇಕು. ಎಷ್ಟಕ್ಕೆ ಇಳೀತು ಅಂತ ನಾನು ಹೇಳಲ್ಲ, ಅವನಿಗೂ ಮಕ್ಕಳಿದ್ದಾರೆ. ಕಾಗದ ಪತ್ರ ತಂದು ಸ್ಟೀರಿಂಗ್ ಮೇಲಿಟ್ಟೇ ಸಹಿ ಹಾಕಿಸಿಕೊಂಡ್ರು. ಲೈಸೆನ್ಸ್ ನಂಬರ್ ಬೇಕು ಅಂದಾಗ ಪರ್ಸಿನ ಒಳಗಿನ ಒಳಗಿನ ಜೇಬಿನ ಜಿಪ್ ಸಿಕ್ಕಿಹಾಕ್ಕೊಂಡಿತ್ತು. ಟೈಲರ್ ಕತ್ತರಿ ತಗೊಂಡು ಆ ಜೇಬನ್ನೇ ಕತ್ತರಿಸಿ ತೆಗೆದ. ತನ್ನ ಹೊಲಿಗೆ ತಾನೇ ಕತ್ತರಿಸೋವಾಗ ಯಾವ ಟೈಲರೂ ಅಷ್ಟು ಖುಷಿಯಾಗಿದ್ದದ್ದು ನಾನು ಕಂಡಿಲ್ಲ.

ಆಮೇಲೆ ದಿನಾ ಸಂಜೆ ಹಾರ್ನ್. ಅಂಗಡಿ ಬಾಗಿಲಲ್ಲಿ ಅವನು ಮೊಣಕಾಲೂರಿ ಹೊಲಿಗೆ ಹಾಕೋದು, ಊರಿಗೊಂದು ಸುತ್ತು, ಮನೆ ಮುಂದೆ ಬಂದು ಬಿಚ್ಚೋದು. ಮೊದಲನೇ ವಾರ ಹನ್ನೊಂದು ಹೊಲಿಗೆ, ಆಮೇಲೆ ಏಳು, ಆಮೇಲೆ ಮೂರು. ಆ ಕಚ್ಚಾ ಹೊಲಿಗೆ ಹಾಕೋವಾಗಲೇ ಮಾತು ಶುರುವಾಗಿಬಿಡ್ತಿತ್ತು. ಅವನು ಕೆಳಗಿನಿಂದ ಸೊಂಟದ ಸುದ್ದಿ ಹೇಳೋನು, ಅವರು ಮೇಲಿನಿಂದ ಗೇಟಿನ ಸುದ್ದಿ ಹೇಳೋರು. ಒಂದಿನ ಅವನು ಸೂಜಿಗೆ ದಾರ ಪೋಣಿಸಿ ಬಗ್ಗಿದ್ರೆ, ಎಡಗಾಲು ಆಗಲೇ ತನ್ನ ಮೂಲೇಲಿ ಹೋಗಿ ಕೂತಿತ್ತು.

“ಬೇಡ್ರೀ, ಹತ್ತಿ” ಅಂದ್ರು ಮೇಡಂ.

“ಒಂದೇ ಒಂದು ಹಾಕ್ಲಾ?” ಅಂದ ಟೈಲರ್. ಅವನಿಗೆ ಒಂಥರ ಬೇಜಾರಾಗಿತ್ತು.

ಮೇಡಂ ಅವನ ತಲೆ ಮೇಲೆ ಕೈ ಇಟ್ಟು, “ಹಾಕಿ” ಅಂದ್ರು. ಹಾಕಿದ.

ಈಗ ಆ ಎಡಗಾಲು ಎಷ್ಟು ಸುಖವಾಗಿದೆ ಅಂದ್ರೆ, ಮೂವತ್ತು ವರ್ಷದ ನಿದ್ದೆ ಎಲ್ಲ ಬಾಕಿ ಇತ್ತು ನೋಡಿ, ಕಾರು ಎರಡನೇ ಗೇರ್‌ಗೆ ಬರೋದ್ರೊಳಗೆ ಮಲಗಿಬಿಡುತ್ತೆ. ಮಲಗಿದ್ರೆ ಪರವಾಗಿಲ್ಲ, ಗೊರಕೆ ಹೊಡೆಯುತ್ತೆ. ಹೌದು, ಕಾಲೇ. ನಾನು ಹಿಂದಿನ ಸೀಟಲ್ಲಿ ಕೂತು ಕಿವಿಯಾರೆ ಕೇಳಿದ್ದೀನಿ. ಅದಕ್ಕೊಂದು ಪುಟ್ಟ ಹೊದಿಕೆ ಹೊಲಿದುಕೊಟ್ಟಿದ್ದಾನೆ ಟೈಲರ್, ಅಂಚಿಗೆ ಲೇಸ್ ಬೇರೆ. ಇದನ್ನ ನೋಡಿ ಬಲಗಾಲಿಗೆ ಹೊಟ್ಟೆಕಿಚ್ಚು ಬಂತು, ಎಲ್ಲ ಕೆಲಸ ನನಗೇ ಅಂತ ಮುನಿಸ್ಕೊಂಡು ಒಂದಿನ ಸಿಗ್ನಲ್ ಹತ್ರ ಅದು ಏನು ಮಾಡ್ತು ಅಂದ್ರೆ... ಅರೆ, ಎದ್ದೇ ಬಿಟ್ರಲ್ಲ? ಚಪ್ಪಲಿ ಯಾಕೆ ಹುಡುಕ್ತಿದ್ದೀರ, ಕೂತ್ಕೊಳ್ರೀ, ನಾಲಿಗೆ ಇನ್ನೂ ಬಾಯಲ್ಲೇ ಇದೆ ನೋಡಿ, ಆ ಬಲಗಾಲು ಸಿಗ್ನಲ್ ಹಸಿರಾದ ತಕ್ಷಣ ಶೂ ಬಿಚ್ಚಿಟ್ಟು